ಕೊಡುವ ಮುನ್ನ ಕೇಳೋಣ, ಪಡೆದ ಮೇಲೆ ಹೇಳೋಣ

ಯುವಜನರ ಅಧ್ಯಯನ ಪುಟ
ಓದಿಗೆ: 1 ಕೊರಿಂಥಿಯರಿಗೆ 16:1-4, 2 ಕೊರಿಂಥಿಯರಿಗೆ 8:16-21



ಕಳೆದ ವರ್ಷ ಪರಿಚಯದ ಗೆಳೆಯನೊಬ್ಬ ನಮ್ಮ ಯುವಬಳಗಕ್ಕೆ ಬಂದ. "ಹಿಮಾಲಯದಲ್ಲಿ ಎಂಟು ದಿನ ಚಾರಣ ಮಾಡುತ್ತೇನೆ. ನೀವು ಪ್ರಾಯೋಜಕರಾದರೆ ಆ ಹಣ ಬಡಮಕ್ಕಳ ಶಾಲೆಗೆ ಹೋಗುತ್ತದೆ" ಎಂದ. ನಮಗೆ ಖುಷಿಯಾಯಿತು. ಎರಡು ಭಾನುವಾರ ಕನ್ನಡ ಬಲಿಪೂಜೆಯ ನಂತರ ಚಹಾ, ಮಿರ್ಚಿ ಭಜಿ ಮಾರಿದೆವು, ಡಬ್ಬಿ ಹಿಡಿದು ನಿಂತೆವು. ಒಟ್ಟು 6,400 ರೂಪಾಯಿ ಸೇರಿತು. ಕಟ್ಟಡ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ 50 ರೂಪಾಯಿ ಹಾಕಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಹಣ ಕಳಿಸಿದ ಮೇಲೆ ಚಾರಣ ಏರ್ಪಡಿಸಿದವರ ನಿಯಮಗಳನ್ನು ಓದಿದೆ. ಸೇರಿದ ಹಣದಲ್ಲಿ ಮೊದಲು ಪ್ರಯಾಣ, ಗುಡಾರ, ಊಟ, ಮಾರ್ಗದರ್ಶಕರ ಖರ್ಚು ಕಳೆದು, ಉಳಿದದ್ದು ಮಾತ್ರ ಶಾಲೆಗೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅವರು ಮುಚ್ಚಿಟ್ಟಿರಲಿಲ್ಲ, ನಾವು ಕೇಳಿರಲಿಲ್ಲ. ಮುಂದಿನ ಭಾನುವಾರ ಪ್ರಕಟಣೆಯ ಸಮಯದಲ್ಲಿ ಎದ್ದು ನಿಂತು ಇದನ್ನು ಜನರಿಗೆ ಹೇಳಬೇಕಾಯಿತು. ಆ ತಾಯಿ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಾನು ಬಿಎಸ್ಸಿ ಓದಿದವನು. ಪ್ರಯೋಗಾಲಯದಲ್ಲಿ ಅಳತೆ ಬರೆದಿಡದಿದ್ದರೆ ಉತ್ತರ ಸರಿಯಿದ್ದರೂ ಅಂಕ ಕೊಡುತ್ತಿರಲಿಲ್ಲ. ದಾನದ ವಿಷಯ ಬಂದಾಗ ಮಾತ್ರ "ಕೇಳಿದರೆ ಏನೆಂದುಕೊಳ್ಳುತ್ತಾರೋ" ಎಂದು ಸುಮ್ಮನಾಗಿದ್ದೆ. ಕೇಳುವುದು ಅವಿಶ್ವಾಸವಲ್ಲ ಎಂಬುದನ್ನು ಈ ತಿಂಗಳು ಒಟ್ಟಿಗೆ ಕಲಿಯೋಣ.

ಪೌಲರು ಲೆಕ್ಕಕ್ಕೆ ಅಂಜಲಿಲ್ಲ

ಜೆರುಸಲೇಮಿನ ಬಡವರಿಗಾಗಿ ಸಂತ ಪೌಲರು ಊರೂರುಗಳ ಸಭೆಗಳಿಂದ ಹಣ ಸಂಗ್ರಹಿಸಿದರು. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ತೆಗೆದಿಡಬೇಕು, ಹಣ ಒಯ್ಯುವವರನ್ನು ಕೊರಿಂಥದವರೇ ಒಪ್ಪಿ ಆರಿಸಬೇಕು ಎಂದು ಬರೆದರು. ಮುಂದೆ ತೀತನ ಜೊತೆಗೆ, ಸಭೆಗಳೇ ನೇಮಿಸಿದ್ದ ಇನ್ನೊಬ್ಬ ಸಹೋದರನನ್ನೂ ಕಳಿಸಿದರು. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನಡೆ ಶುದ್ಧವಾಗಿರಬೇಕು ಎಂಬುದು ಅವರು ಕೊಟ್ಟ ಕಾರಣ. ಪ್ರೇಷಿತರೇ ಲೆಕ್ಕಕ್ಕೆ ಸಾಕ್ಷಿಗಳನ್ನು ಇಟ್ಟುಕೊಂಡ ಮೇಲೆ ನಾವು ಲೆಕ್ಕ ಕೇಳಲು ನಾಚುವುದೇಕೆ?

ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ. ಯಾವ ಉದ್ದೇಶಕ್ಕೆ ಭಕ್ತರು ಕಾಣಿಕೆ ಕೊಟ್ಟರೋ ಅದಕ್ಕೇ ಬಳಸಬೇಕು ಎಂದು 1267ನೆಯ ವಿಧಿ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕು ಎಂದು 1287ನೆಯ ವಿಧಿ ತಿಳಿಸುತ್ತವೆ.

ಓಡುವವರ ಹಿಂದೆ ಓಡುವ ಹಣ

ಓಟ, ನಡಿಗೆ, ಸೈಕಲ್ ಸವಾಲಿನ ಮೂಲಕ ಹಣ ಸೇರಿಸುವುದು ನಮ್ಮ ಕಡೆಯೂ ಹೊಸದಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಲ್ಲಿ ಅನೇಕರು ತಮ್ಮ ಇಷ್ಟದ ಸೇವಾ ಸಂಸ್ಥೆಗಾಗಿ ಓಡಿ ದೇಣಿಗೆ ಕೂಡಿಸುತ್ತಾರೆ. 2012ರಿಂದ ಕೆಲವು ವರ್ಷ ಆಕ್ಸ್‌ಫ್ಯಾಮ್ ಇಂಡಿಯಾ ಬೆಂಗಳೂರಿನ ಸುತ್ತ 'ಟ್ರೈಲ್‌ವಾಕರ್' ನಡೆಸಿತು. ನಾಲ್ವರ ತಂಡ 48 ಗಂಟೆಯೊಳಗೆ 100 ಕಿಲೋಮೀಟರ್ ನಡೆಯಬೇಕು, ಜೊತೆಗೆ ಹಣವನ್ನೂ ಸಂಗ್ರಹಿಸಬೇಕು. 1981ರಲ್ಲಿ ಹಾಂಗ್‌ಕಾಂಗಿನ ಗೂರ್ಖಾ ಸೈನಿಕರ ನಡಿಗೆಯಿಂದ ಹುಟ್ಟಿದ ಸವಾಲು ಅದು.

ಇಂಥ ಕಾರ್ಯಕ್ರಮಗಳಲ್ಲಿ ಮೂರು ಬಗೆಯ ಹಣ ಇರುತ್ತದೆ. ಓಟಗಾರ ಕಟ್ಟುವ ಪ್ರವೇಶ ಶುಲ್ಕ, ನಾವು ಕೊಡುವ ದೇಣಿಗೆ, ಪ್ರಯಾಣ ಮತ್ತು ವಸತಿಯ ಖರ್ಚು. ಶುಲ್ಕವೆಲ್ಲ ದಾನವೆಂದು ತಿಳಿಯುವುದು ಒಂದು ತಪ್ಪು. ಮೂರನೆಯ ಖರ್ಚನ್ನು ಎರಡನೆಯ ಹಣದಿಂದ ತುಂಬುತ್ತಾರೋ ಇಲ್ಲವೋ ಎಂದು ಕೇಳದೆ ಇರುವುದು ಇನ್ನೊಂದು ತಪ್ಪು. ನಾವು ಮಾಡಿದ್ದು ಈ ಎರಡನೆಯದನ್ನು.

ಒಳ್ಳೆಯ ಹೆಸರು ಸಾಲದು

2020ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ಎಂಬ 99 ವರ್ಷದ ನಿವೃತ್ತ ಸೈನಿಕ, ನಡೆಯಲು ನೆರವಾಗುವ ಚೌಕಟ್ಟು ಹಿಡಿದು ತನ್ನ ಮನೆಯ ತೋಟದಲ್ಲಿ 100 ಸುತ್ತು ನಡೆದರು. 1,000 ಪೌಂಡ್ ಸೇರಿಸುವ ಆಸೆಯಿತ್ತು. ತೆರಿಗೆ ಮರುಪಾವತಿಯೂ ಸೇರಿ 3.8 ಕೋಟಿ ಪೌಂಡಿಗೂ ಹೆಚ್ಚು ಬಂತು. ಅದು ಆಸ್ಪತ್ರೆಗಳ ನೆರವಿಗಿರುವ ಬೇರೊಂದು ಸಂಸ್ಥೆಗೆ ಸೇರಿತು, ಅದರಲ್ಲಿ ದೋಷವಿಲ್ಲ.

ಆಮೇಲೆ ಅವರ ಹೆಸರಿನಲ್ಲಿ ಕುಟುಂಬದವರು ಒಂದು ಪ್ರತಿಷ್ಠಾನ ಕಟ್ಟಿದರು. ಅಲ್ಲಿನ ದಾನ ಸಂಸ್ಥೆಗಳ ಆಯೋಗ 2022ರಲ್ಲಿ ವಿಚಾರಣೆ ಆರಂಭಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಪುಸ್ತಕ ಒಪ್ಪಂದದಿಂದ ಬಂದ 15 ಲಕ್ಷ ಪೌಂಡಿಗೆ ಸಮೀಪದ ಹಣ ಕುಟುಂಬದ ಕಂಪನಿಗೆ ಹೋಗಿತ್ತು. ಅದರಲ್ಲಿ ಪ್ರತಿಷ್ಠಾನಕ್ಕೂ ಪಾಲಿದೆ ಎಂದು ಜನ ನಂಬಿದ್ದರು. ಆ ಮುದುಕರ ನಡಿಗೆ ನಿಜವಾದದ್ದೇ. ಆದರೂ ನಡೆದವರ ಒಳ್ಳೆಯತನ, ಹಣ ಹಿಡಿದವರ ಲೆಕ್ಕಕ್ಕೆ ಜಾಮೀನಾಗುವುದಿಲ್ಲ.

ಐದು ಪ್ರಶ್ನೆಗಳು

1. ಸಂಸ್ಥೆ ಯಾವುದು? ಅದು ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿಯಾಗಿ ನೋಂದಣಿಯಾಗಿರಬೇಕು. ಪೂರ್ತಿ ಹೆಸರು ಬರೆದುಕೊಳ್ಳಿ, ಒಂದೇ ಬಗೆಯ ಹೆಸರುಗಳು ಹಲವಿರುತ್ತವೆ. ನೀತಿ ಆಯೋಗದ 'ಎನ್‌ಜಿಒ ದರ್ಪಣ್' ತಾಣದಲ್ಲಿ ಹುಡುಕಬಹುದು. ಅಲ್ಲಿ ಹೆಸರಿದ್ದರೆ ವಿಳಾಸ ಮತ್ತು ಪದಾಧಿಕಾರಿಗಳು ತಿಳಿಯುತ್ತಾರೆ, ಅದೇ ಒಳ್ಳೆಯತನದ ಪ್ರಮಾಣಪತ್ರವಲ್ಲ.

2. ಹಣ ಯಾರ ಖಾತೆಗೆ? ವ್ಯಕ್ತಿಯ ಯುಪಿಐಗೆ ಬೇಡ, ಸಂಸ್ಥೆಯ ಹೆಸರಿನ ಖಾತೆಗೇ ಹೋಗಲಿ.

3. ರಸೀದಿ ಸಿಗುತ್ತದೆಯೇ? 80ಜಿ ಮಾನ್ಯತೆಯುಳ್ಳ ಸಂಸ್ಥೆಗಳು ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡುವ ಪದ್ಧತಿ 2021–22ರಿಂದ ಬಂದಿದೆ. ನಮ್ಮಲ್ಲಿ ತೆರಿಗೆ ಕಟ್ಟುವವರು ಕಡಿಮೆ. ಆದರೂ ರಸೀದಿ ಕೇಳಿ, ನಿಮ್ಮ ಹಣ ಅವರ ಪುಸ್ತಕಕ್ಕೆ ಏರಿತು ಎಂಬುದಕ್ಕೆ ಅದೇ ಗುರುತು.

4. 100 ರೂಪಾಯಿಯಲ್ಲಿ ಎಷ್ಟು ಸೇವೆಗೆ? ಲೆಕ್ಕಪರಿಶೋಧನಾ ವರದಿಯ ಆದಾಯ–ವೆಚ್ಚದ ಪುಟ ಕೇಳಿ. ಸೇವೆಗೆ, ಕಚೇರಿಗೆ, ಹಣ ಸಂಗ್ರಹಕ್ಕೆ ಎಷ್ಟೆಷ್ಟು ಎಂದು ಬೇರೆ ಮಾಡಿ ನೋಡಿ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕೆ ಇಳಿಸಿತು. ನಮ್ಮ ದೇಣಿಗೆಗೆ ಆ ಕಾನೂನು ಅನ್ವಯಿಸದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ವರದಿ ಇಂಗ್ಲಿಷಿನಲ್ಲಿದ್ದರೆ ಹಿರಿಯರು ಹಿಂಜರಿಯಬೇಡಿ, ನಮ್ಮ ಬಳಗದವರು ಓದಿ ಕನ್ನಡದಲ್ಲಿ ಹೇಳುತ್ತಾರೆ.

5. ಸವಾಲಿನ ಖರ್ಚು ಯಾರದು? "ನಿನ್ನ ಟಿಕೆಟ್, ಊಟ, ಟೀ ಶರ್ಟಿನ ದುಡ್ಡು ನಮ್ಮ ಹಣದಿಂದ ಹೋಗುತ್ತದೆಯೇ?" ಎಂದು ಪ್ರೀತಿಯಿಂದ ಕೇಳಿ. ಹೌದು ಎಂದರೆ ಅದೇ ಅಪರಾಧವಲ್ಲ. ಕೊಡುವವರಿಗೆ ಅದು ಮೊದಲೇ ತಿಳಿದಿರಬೇಕು.

ಆತುರದ ತೀರ್ಪು ಬೇಡ

ಕೇಳುವುದನ್ನು ಕಲಿತವರು ಬೇಗ ತೀರ್ಪು ಕೊಡುವುದನ್ನೂ ಕಲಿತುಬಿಡುತ್ತೇವೆ. ಎರಡು ಮಾತು ನೆನಪಿರಲಿ. ಸಂಬಳದ ಖರ್ಚೆಲ್ಲ ಪೋಲಲ್ಲ. ವೃದ್ಧಾಶ್ರಮದಲ್ಲಿ ರಾತ್ರಿ ಎದ್ದು ಹಾಸಿಗೆ ಬದಲಿಸುವ ದಾದಿಯ ಸಂಬಳವೇ ಅಲ್ಲಿನ ಸೇವೆ. ಲೆಕ್ಕ ಬರೆಯುವವನಿಗೆ ಏನೂ ಕೊಡದ ಸಂಸ್ಥೆಯ ಲೆಕ್ಕ ಚೆನ್ನಾಗಿರುವುದೂ ಕಷ್ಟ.

ಎರಡನೆಯದು, ಒಂದು ಕಾಗದ ನಿಂತುಹೋದರೆ ಅದೇ ಅಪರಾಧದ ಸಾಕ್ಷಿಯಲ್ಲ. ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿಯ ವಿದೇಶಿ ದೇಣಿಗೆ ನೋಂದಣಿಯ ನವೀಕರಣವನ್ನು 2021ರ ಕ್ರಿಸ್ಮಸ್ ದಿನ ಕೇಂದ್ರ ಗೃಹ ಸಚಿವಾಲಯ ನಿರಾಕರಿಸಿತು. ಸುಮಾರು ಎರಡು ವಾರಗಳಲ್ಲಿ ನೋಂದಣಿ ಮರಳಿ ಸಿಕ್ಕಿತು. ಅನುಮಾನ ಬಂದರೆ ಸಂಸ್ಥೆಯವರನ್ನೇ ಕೇಳಿ, ಉತ್ತರಕ್ಕೆ ಸಮಯ ಕೊಡಿ. ಒಳ್ಳೆಯ ಸಂಸ್ಥೆಗೆ ಪ್ರಶ್ನೆ ಭಾರವಲ್ಲ. ಮತ್ತೆ ಮತ್ತೆ ಕೇಳಿದರೂ ಉತ್ತರ ಬರದಿದ್ದರೆ ಹಣ ನಮ್ಮಲ್ಲೇ ಇರಲಿ. ಕೊಡುವುದಕ್ಕೆ ನಮ್ಮ ಸುತ್ತಲೇ ಜನರಿದ್ದಾರೆ.

ಮೊದಲು ನಮ್ಮ ಡಬ್ಬಿ

ಗೋವೆಯಲ್ಲಿ ನಾವು ಕನ್ನಡದವರು ಚಿಕ್ಕ ಗುಂಪು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಕುಟುಂಬಗಳೇ ಹೆಚ್ಚು. ನಮ್ಮ ಡಬ್ಬಿಗೆ ಬೀಳುವ ಹತ್ತು ರೂಪಾಯಿ ಯಾರದೋ ಬೆವರು. ಆದ್ದರಿಂದ ಇನ್ನೊಬ್ಬರನ್ನು ಕೇಳುವ ಮೊದಲು ನಾವೇ ಹೇಳಲು ಶುರುಮಾಡಿದ್ದೇವೆ. ಈಗ ಯುವಬಳಗದ ಪ್ರತಿ ಸಂಗ್ರಹಕ್ಕೂ ಇಬ್ಬರು ಕೂತು ಹಣ ಎಣಿಸಿ ಸಹಿ ಹಾಕುತ್ತಾರೆ. ಬಂದದ್ದು, ಹೋದದ್ದು, ಉಳಿದದ್ದು ಮುಂದಿನ ಭಾನುವಾರ ದೇವಾಲಯದ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಇರುತ್ತದೆ.

ಮೊನ್ನೆ ಆ ತಾಯಿ ಫಲಕದ ಮುಂದೆ ನಿಂತಿದ್ದರು. ಓದಲು ಬಾರದೆ ಮಗಳ ಕೈಯಲ್ಲಿ ಓದಿಸಿಕೊಂಡರು. "ಚಾದಪುಡಿಗೆ ಜಾಸ್ತಿ ಕೊಟ್ಟೀರಿ" ಎಂದು ನನ್ನನ್ನು ಗದರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.

ಗುಂಪಿನಲ್ಲಿ ಚರ್ಚಿಸಿ

1. ಹಣ ಒಯ್ಯುವವರನ್ನು ಕೊರಿಂಥದವರೇ ಆರಿಸಲಿ ಎಂದು ಪೌಲರು ಏಕೆ ಬಯಸಿದರು?
2. ಪರಿಚಯದವರು ದೇಣಿಗೆ ಕೇಳಿದಾಗ ಪ್ರಶ್ನಿಸಲು ನಮ್ಮನ್ನು ತಡೆಯುವುದು ಯಾವುದು?
3. ನೀವು ಈ ವರ್ಷ ಹಣ ಕೊಟ್ಟ ಒಂದು ಸಂಸ್ಥೆಯನ್ನು ಆರಿಸಿ. ಮೇಲಿನ ಐದು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಗೊತ್ತಿದೆ?

ಈ ತಿಂಗಳ ಕೆಲಸ: ಮೂರನೆಯ ಪ್ರಶ್ನೆಯ ಉತ್ತರಗಳನ್ನು ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಗೊತ್ತಿಲ್ಲದಿದ್ದರೆ ಆ ಸಂಸ್ಥೆಗೆ ಪತ್ರ ಬರೆಯೋಣ. ಒಟ್ಟಿಗೆ ಕೂತು ಬರೆದರೆ ಸಂಕೋಚ ಕಡಿಮೆ.