ಪೋಸ್ಟಿನ ನಾಯಿಗೆ ಪೋಸ್ಟಿಂಗ್ ಇಲ್ಲ

ತಮ್ಮಾ, ಲಡಾಖಿನಿಂದ ನೀನು ಕಳಿಸಿದ ವೀಡಿಯೊವನ್ನು ಅಪ್ಸರಕೊಂಡದ ನಮ್ಮ ಕೇರಿಯವರೆಲ್ಲ ನೋಡಿದರು. ಮರಳುಚೀಲದ ಮೇಲೆ ಕೂತು ನಿನ್ನ ಕೈಯಿಂದ ಪೂರಿ ಕಸಿಯುವ ಆ ಕರಿ ಹೆಣ್ಣುನಾಯಿಯನ್ನು ಕಂಡು ಆಯಿ ಅಂತೂ ‘ಮಗನಿಗೆ ಜೊತೆಯಾಯ್ತು’ ಅಂದಳು. ಸಾಕಬೇಡ ಅಂತ ನಾನೂ ಹೇಳುವುದಿಲ್ಲ. ಆ ಚಳಿಯಲ್ಲಿ, ರಾತ್ರಿ ಪಹರೆಯಲ್ಲಿ ನಾಯಿಯ ಬೆಲೆ ಏನೆಂದು ಇಲ್ಲಿ ಬೆಚ್ಚಗೆ ಕೂತ ನಾನು ನಿನಗೆ ಕಲಿಸಬೇಕೇ? 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಹುಡುಕುವಾಗ ಡಾಟ್, ಮಿಶಾ ಎಂಬ ನಾಯಿಗಳೂ ಇದ್ದವು. ಆದರೆ ಅವು ಸೇನೆಯ ಲೆಕ್ಕದ ನಾಯಿಗಳು. ನಿನ್ನದು ಶಿಬಿರದ ಅಡುಗೆಮನೆಯ ವಾಸನೆ ಹಿಡಿದು ತಾನಾಗಿ ಬಂದದ್ದು, ಯಾವ ರಿಜಿಸ್ಟರಿನಲ್ಲೂ ಇಲ್ಲದ್ದು.

ಒಂದು ದಿನ ನಿಮ್ಮ ಯೂನಿಟ್ ಇಳಿಯುತ್ತದೆ. ನೀನು ಗಾಡಿ ಹತ್ತುತ್ತೀಯ, ಅದು ಅಲ್ಲೇ ಉಳಿಯುತ್ತದೆ. ನಾನು ಹೇಳಬೇಕೆಂದಿರುವುದು ಆ ದಿನದ ವಿಷಯ.

ಲಡಾಖಿನಲ್ಲಿ ಬೀದಿನಾಯಿಗಳು ಹೆಚ್ಚಲು ಊರಿನ, ಪ್ರವಾಸಿಗರ ಕಸದ ಜೊತೆಗೆ ಸೇನಾ ಶಿಬಿರಗಳ ಅಡುಗೆಮನೆಯ ಉಳಿಕೆಯೂ ಕಾರಣ. ಅನ್ನ ನಿಂತ ಮೇಲೆ ಅವು ಹಿಂಡು ಕಟ್ಟಿಕೊಂಡು ಚಾಂಗ್‌ಥಾಂಗ್‌ನ ಜೌಗಿನಲ್ಲಿ ಕಪ್ಪುಕತ್ತಿನ ಕ್ರೌಂಚದ ಗೂಡಿಗೆ ಬಾಯಿ ಹಾಕುತ್ತವೆ. ಆ ಹಕ್ಕಿ ವರ್ಷಕ್ಕೆ ಇಡುವುದೇ ಒಂದೆರಡು ಮೊಟ್ಟೆ. ಕಾಸರಕೋಡ ಟೊಂಕದ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಅರಣ್ಯ ಇಲಾಖೆಯವರು ಸುತ್ತ ಬಲೆ ಯಾಕೆ ಕಟ್ಟುತ್ತಾರೆಂದು ನೀನು ಚಿಕ್ಕಂದಿನಿಂದ ನೋಡಿದ್ದೀಯಲ್ಲ, ಅಲ್ಲಿಯದೂ ಅದೇ ಕತೆ. ತಪ್ಪು ನಾಯಿಯದಲ್ಲ, ನಾಲ್ಕು ತಿಂಗಳು ಉಣಿಸಿ ಕೈಬಿಟ್ಟವರದ್ದು.

ಹಾಗಾಗಿ ಮೊದಲು ಸಾಹೇಬರ ಅನುಮತಿ ಕೇಳು, ಕದ್ದುಮುಚ್ಚಿ ಸಾಕಬೇಡ. ನಿಮ್ಮ ಸೇನೆಯಲ್ಲಿ ಪಶುವೈದ್ಯರ ದಳವೇ ಇದೆ. ಅವರ ಕೈಲಿ ರೇಬಿಸ್ ಚುಚ್ಚುಮದ್ದು ಹಾಕಿಸು, ಸಂತಾನಹರಣ ಮಾಡಿಸಲು ಆಗುತ್ತದೋ ಕೇಳು. ಮಾಡಿಸದಿದ್ದರೆ ವರ್ಷದೊಳಗೆ ಒಂದಲ್ಲ, ಹತ್ತು ನಾಯಿ. ಆಟದಲ್ಲಿ ಹಲ್ಲು ತಾಗಿದರೂ ‘ನಮ್ಮದೇ ನಾಯಿ’ ಅಂತ ಸುಮ್ಮನಿರಬೇಡ. ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಊರಿಗೇ ತರುತ್ತೇನೆ ಅನ್ನಬೇಡ ಮಾರಾಯ. ಆ ದಪ್ಪ ತುಪ್ಪಳಕ್ಕೆ ಹೊನ್ನಾವರದ ಮೇ ತಿಂಗಳ ಸೆಕೆ ಶಿಕ್ಷೆ. ಪೆನ್ ಫಾರ್ದಿಂಗ್ ಎಂಬ ಬ್ರಿಟಿಷ್ ಸೈನಿಕ 2006ರಲ್ಲಿ ಆಫ್ಘಾನಿಸ್ತಾನದ ನೌಜಾದ್‌ನಲ್ಲಿ ಬೀದಿನಾಯಿಯೊಂದನ್ನು ಹಚ್ಚಿಕೊಂಡು, ಆಮೇಲೆ ಅದರ ಹೆಸರಿನಲ್ಲೇ ಸಂಸ್ಥೆ ಕಟ್ಟಿದ. ಸೈನಿಕರು ಸಾಕಿದ ಎಷ್ಟೋ ನಾಯಿಗಳನ್ನು ಅದು ಅವರವರ ಮನೆ ಮುಟ್ಟಿಸಿದೆ, ದೊಡ್ಡ ಕೆಲಸವೇ. ಆದರೆ 2021ರ ಆಗಸ್ಟಿನಲ್ಲಿ ಕಾಬೂಲಿನಿಂದ ನಾಯಿ-ಬೆಕ್ಕು ವಿಮಾನ ಹತ್ತಿದಾಗ ಅವನ ಆಫ್ಘನ್ ಕೆಲಸಗಾರರು ಹಿಂದೆ ಉಳಿಯಬೇಕಾಯಿತು. ಅವರೂ ಆಮೇಲೆ ಪಾರಾದರು, ನಿಜ. ಆದರೂ ಆ ವಿಮಾನದ ಸುದ್ದಿ ಓದಿ ನನಗೆ ಪೂರ್ತಿ ಖುಷಿಯಾಗಲಿಲ್ಲ.

ಅದರ ಬದಲು ನಿನ್ನ ಜಾಗಕ್ಕೆ ಬರುವ ಪಲ್ಟನ್ನಿನಲ್ಲಿ ನಾಯಿ ಕಂಡರೆ ಆಗುವವನೊಬ್ಬನನ್ನು ಗುರುತು ಮಾಡಿಕೋ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ತಾರೀಖಿಗೆ ಚುಚ್ಚುಮದ್ದು ಎಲ್ಲ ಚೀಟಿಯಲ್ಲಿ ಬರೆದುಕೊಡು. ಕೊನೆಯ ವಾರ ಅವನ ಕೈಯಿಂದಲೇ ಪೂರಿ ಹಾಕಿಸು.