ಕೆಲಸದ ಮೇಜಿಗೆ ಯಾವ ಮರ?

ನಂಜನಗೂಡಿನ ತಮ್ಮ ಮನೆಯ ಹಿತ್ತಿಲ ಕಾರ್ಯಾಗಾರಕ್ಕೆ, ಈಗತಾನೆ ಸೀಳಿಸಿದ ಮತ್ತಿಯ ಹಲಗೆಗಳಿಂದ ಕೂಡಲೇ ಮೇಜು ಕಟ್ಟಬಹುದೇ ಎಂದು ತಾವು ಕೇಳಿರುವಿರಿ. ದಯವಿಟ್ಟು ಬೇಡ. ಮತ್ತಿಯು ಭಾರವೂ ದೃಢತೆಯೂ ಉಳ್ಳ ಮರವೇ ಆದರೂ, ಹಸಿಯಾಗಿ ಜೋಡಿಸಿದಲ್ಲಿ ಒಣಗುತ್ತ ಸೀಳಿ, ತಿರುಚಿ, ಒಂದು ಸಂಧಿಯನ್ನೂ ಬಿಗಿಯಾಗಿ ಉಳಿಸದು. ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬುದು ಸ್ಥೂಲವಾದ ಲೆಕ್ಕ. ಅದಕ್ಕಿಂತ, ನಂಜನಗೂಡು, ತಿರುಮಕೂಡಲು ನರಸೀಪುರಗಳ ಸುತ್ತ ಹಳೆಯ ಹೆಂಚಿನ ಮನೆಗಳನ್ನು ಕೆಡವುವಾಗ ದೊರೆಯುವ ತೊಲೆಗಳನ್ನು, ಮುರಿದ ಮೊಳೆಗಳನ್ನು ಕಿತ್ತು, ಗೆದ್ದಲಿನ ಜಾಡನ್ನು ಉಳಿಯಿಂದ ಕೆದಕಿ ಪರೀಕ್ಷಿಸಿ ಕೊಳ್ಳುವುದು ಲೇಸು.

ಮೇಜಿನ ಬಲವೆಲ್ಲ ಸಂಧಿಗಳಲ್ಲಿದೆ. ಕಾಲಿನಲ್ಲಿ ಗುಳಿ ತೋಡಿ, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂಡಿಸಿರಿ. ನಾಲಿಗೆಯಲ್ಲಿನ ರಂಧ್ರವನ್ನು ಕಾಲಿನ ರಂಧ್ರದ ನೇರಕ್ಕಿಂತ ಒಂದೂವರೆ ಮಿಲಿಮೀಟರಿನಷ್ಟು ನಾಲಿಗೆಯ ಬುಡದ ಭುಜದ ಕಡೆಗೆ ಸರಿಸಿ ಕೊರೆದರೆ, ಚೂಪು ಮಾಡಿದ ಜಾಲಿಯ ಗೂಟವನ್ನು ಹೊಡೆದಂತೆಲ್ಲ ಪಟ್ಟಿಯು ತಾನಾಗಿ ಒಳಗೆಳೆಯಲ್ಪಟ್ಟು, ಅಂಟಿನ ಹಂಗಿಲ್ಲದೆ ಬಿಗಿಯುವುದು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು: ಇಲ್ಲಿ ಮೊಳೆಯನ್ನು ನೆಚ್ಚಬೇಡಿರಿ.

ಮೇಲ್ಹಲಗೆ ಮೂರು ಅಂಗುಲ ದಪ್ಪವಿರಲಿ; ಎತ್ತರವು, ಕೈ ಇಳಿಬಿಟ್ಟು ನಿಂತಾಗ, ಮಣಿಕಟ್ಟಿನ ಮಟ್ಟಕ್ಕಿರಲಿ; ಕೀಸುಳಿಯ ಕೆಲಸವೇ ಹೆಚ್ಚಾದರೆ ತುಸು ಕೆಳಗೆ. ಕಪಿಲೆಯ ದಡದ ಮಳೆಗಾಲದ ತೇವಕ್ಕೆ ಹಲಗೆಯು ಅಗಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುವುದರಿಂದ, ಅದನ್ನು ಚೌಕಟ್ಟಿಗೆ ಬಂಧಿಸುವ ತಿರುಪುಗಳಿಗೆ ಉದ್ದನೆಯ ರಂಧ್ರಗಳನ್ನೇ ಕೊರೆಯಿರಿ. ಗೆದ್ದಲಿನ ಭಯವುಂಟಷ್ಟೆ, ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಗಳನ್ನಿರಿಸಿ, ಮೇಜನ್ನು ಗೋಡೆಯಿಂದ ಗೇಣಷ್ಟು ದೂರ ನಿಲ್ಲಿಸಿರಿ.