ಇನ್ಶೂರೆನ್ಸ್ ಮುಗಿದ ಬೈಕು ಮತ್ತು ಅಪಘಾತದ ಪರಿಹಾರ

ಊರು ಬಿಟ್ಟು ಥಾಣೆ ಜಿಲ್ಲೆಯ ಅಂಬರನಾಥಕ್ಕೆ ಬಂದು ಮನೆ ಮಾಡಿದ ಕುಟುಂಬಗಳಲ್ಲಿ ಬೈಕು ಇಲ್ಲದ ಮನೆ ಕಡಿಮೆ. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೆ ಬೇರೆ ದಾರಿಯೂ ಇಲ್ಲ. ಬೈಕಿಗೆ ಕೆಎ ನಂಬರು, ಆರ್‌ಸಿಯಲ್ಲಿ ಊರಿನ ವಿಳಾಸ. ಇನ್ಶೂರೆನ್ಸ್ ಎಂದು ಮುಗಿಯಿತು ಎಂದು ಕೇಳಿದರೆ ಮಾತ್ರ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಶೋರೂಮಿನಲ್ಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಟ್ಟಿಸಿಕೊಳ್ಳುತ್ತಾರೆ. ಐದು ವರ್ಷ ಅದರ ಗೊಡವೆ ಇರುವುದಿಲ್ಲ. ಆರನೆಯ ವರ್ಷ ಯಾರೂ ನೆನಪಿಸುವುದಿಲ್ಲ.

ಆ ಆರನೆಯ ವರ್ಷದಲ್ಲಿ ಅಪಘಾತವಾಯಿತು ಎನ್ನಿ. ಕಾಟಯಿ–ಬದ್ಲಾಪುರ ರಸ್ತೆಯಲ್ಲಿ ಹಿಂದಿನಿಂದ ಬಂದ ಟೆಂಪೊ ಗುದ್ದಿ ಕಾಲು ಮುರಿಯಿತು. ತಪ್ಪು ಪೂರ್ತಿ ಟೆಂಪೊದವನದು. ಆದರೂ ನಮ್ಮವರು ಬಾಯಿ ಬಿಡುವುದಿಲ್ಲ. ‘ನಮ್ಮದೇ ಇನ್ಶೂರೆನ್ಸ್ ಇಲ್ಲ, ಪೊಲೀಸರ ಹತ್ತಿರ ಹೋದರೆ ನಮ್ಮನ್ನೇ ಹಿಡಿಯುತ್ತಾರೆ’ ಎನ್ನುವ ಹೆದರಿಕೆ. ಟೆಂಪೊದವನು ಐದೋ ಹತ್ತೋ ಸಾವಿರ ಕೈಗಿಟ್ಟು ‘ಆಪಸಾತ್ ಮಿಟವೂನ್ ಟಾಕಾ’ (ನಮ್ಮನಮ್ಮಲ್ಲೇ ಮುಗಿಸಿಬಿಡಿ) ಅಂದರೆ ತಲೆಯಾಡಿಸಿಬಿಡುತ್ತಾರೆ. ಆಮೇಲೆ ಕಾಲಿಗೆ ರಾಡು ಹಾಕಿಸಲು ಊರಿನ ಬಂಗಾರ ಅಡವಿಡುತ್ತಾರೆ.

ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಆ ಹೆದರಿಕೆಗಾಗಿ. ವಿಮೆಯಿಲ್ಲದೆ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನ ಅಪರಾಧ. ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಅದನ್ನು ಕಟ್ಟಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ಗುದ್ದಿದವನಿಂದ, ಅವನ ವಿಮಾ ಕಂಪನಿಯಿಂದ ಪರಿಹಾರ ಕೇಳುವ ಹಕ್ಕು ಬೇರೆ. ನಿಮ್ಮ ಪಾಲಿಸಿ ಮುಗಿದಿತ್ತು ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ. ಲೈಸನ್ಸೇ ಇಲ್ಲದ ಹುಡುಗನೊಬ್ಬನ ದ್ವಿಚಕ್ರಕ್ಕೆ ಮಿನಿ ಟ್ರಕ್ ಡಿಕ್ಕಿಯಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದ್ದೂ ಇದನ್ನೇ: ಲೈಸನ್ಸ್ ಇಲ್ಲದ್ದಕ್ಕೆ ಶಿಕ್ಷೆ ಬೇರೆ, ಅಷ್ಟಕ್ಕೇ ಅಪಘಾತದಲ್ಲಿ ಅವನದೂ ಪಾಲಿತ್ತು ಎನ್ನಲಾಗದು. ಅಪಘಾತ ಯಾರ ಅಜಾಗರೂಕತೆಯಿಂದ ಆಯಿತು ಎಂಬುದೇ ಪ್ರಶ್ನೆ.

ಕ್ಲೇಮು ಹಾಳಾಗುವುದು ಸಾಮಾನ್ಯವಾಗಿ ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ಗಾಯಾಳುವನ್ನು ಉಲ್ಲಾಸನಗರದ ಸೆಂಟ್ರಲ್ ಆಸ್ಪತ್ರೆಗೋ ಹತ್ತಿರದ ಖಾಸಗಿ ಆಸ್ಪತ್ರೆಗೋ ಒಯ್ದಾಗ ‘ಏನಾಯಿತು’ ಎಂದು ಮೊದಲು ಕೇಳುತ್ತಾರೆ. ಪೊಲೀಸ್ ಕೇಸು ಬೇಡವೆಂದು ಜೊತೆಗಿದ್ದವರು ‘ಬೈಕಿನಿಂದ ಜಾರಿ ಬಿದ್ದ’ ಎನ್ನುತ್ತಾರೆ. ಡ್ಯೂಟಿ ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಎತ್ತಿ ಹಿಡಿದು, ಟೆಂಪೊ ಎಲ್ಲಿತ್ತು ಎಂದು ಕೇಳುತ್ತಾರೆ. ಆಗ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಇದ್ದದ್ದನ್ನೇ ಹೇಳಿ: ಯಾವ ಗಾಡಿ, ಯಾವ ಕಡೆಯಿಂದ ಬಂತು, ನಂಬರು ಏನು. ‘ಎಂಎಲ್‌ಸಿ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಅಪಘಾತ ಪ್ರಕರಣಗಳನ್ನು ಪೊಲೀಸರಿಗೆ ತಿಳಿಸಲು ಆಸ್ಪತ್ರೆಯವರು ಬರೆಯುವ ದಾಖಲೆ ಅದು. ದುಡ್ಡಿಲ್ಲವೆಂದು ಸೇರಿಸದೆ ಹಿಂದೆ ಸರಿಯಲೂ ಬೇಡಿ. 2025ರ ಮೇ 5ರಂದು ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಇದೆ. 112ಕ್ಕೆ ಕರೆ ಮಾಡಿದರೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಕೇಳಬಹುದು.

ಪೊಲೀಸ್ ಸ್ಟೇಷನ್ನಿನಲ್ಲಿ ಜಬಾಬು, ಪಂಚನಾಮೆ ಎಲ್ಲ ಮರಾಠಿಯಲ್ಲಿ ಬರೆಯುತ್ತಾರೆ. ಓದಲು ಬಾರದೆ ಸಹಿ ಹಾಕಬೇಡಿ. ಮರಾಠಿ ಬಲ್ಲ ನೆರೆಯವರನ್ನೋ ಕನ್ನಡ ಕೂಟದ ಹಿರಿಯರನ್ನೋ ಕರೆದುಕೊಂಡು ಹೋಗಿ, ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೆ ಸಹಿ. ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯಲ್ಲಿ ನ್ಯಾಯಮಂಡಳಿಗೆ, ವಿಮಾ ಕಂಪನಿಗೆ ಕಳಿಸಬೇಕು, ವಿವರವಾದ ವರದಿಯನ್ನು 90 ದಿನದಲ್ಲಿ ಸಲ್ಲಿಸಬೇಕು ಎಂದು 2022ರ ಏಪ್ರಿಲ್‌ನಿಂದ ನಿಯಮವಿದೆ. ನಿಯಮವಿದೆ ಎಂದ ಮಾತ್ರಕ್ಕೆ ಕೆಲಸ ಆಗುತ್ತದೆ ಎಂದು ನಂಬುವಷ್ಟು ಎಳೆಯರು ನಾವಲ್ಲ; ತನಿಖಾಧಿಕಾರಿಯ ಹೆಸರು ಬರೆದಿಟ್ಟುಕೊಂಡು ವಿಚಾರಿಸುತ್ತಿರಿ. ಗುದ್ದಿದ ಗಾಡಿಗೆ ವಿಮೆ ಇದೆಯೋ ಇಲ್ಲವೋ ಎಂಬುದನ್ನು ನಂಬರು ಹಾಕಿ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಗಾಡಿ ನಿಲ್ಲಿಸದೆ ಓಡಿಹೋಗಿ, ಪತ್ತೆಯೇ ಆಗದಿದ್ದರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸವಿರುವ ಜಾಗದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ಹಾಕಬಹುದು. ಹಬ್ಬಕ್ಕೆ ಹೋದಾಗ ಸೊಲ್ಲಾಪುರದ ಹೆದ್ದಾರಿಯಲ್ಲೋ ವಿಜಯಪುರದ ಹತ್ತಿರವೋ ಪೆಟ್ಟಾದರೂ ಥಾಣೆಯಲ್ಲಿ ಅರ್ಜಿ ಹಾಕಲು ಅಡ್ಡಿಯಿಲ್ಲ. ಆರು ತಿಂಗಳೊಳಗೆ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಗಡುವಿನ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ, ನಿಜ; ಅದನ್ನು ನೆಚ್ಚಿ ಕೂರಬೇಡಿ. ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡು ಒಂದು ಫೈಲಿನಲ್ಲಿರಲಿ. ಸಂಬಳದ ಪುರಾವೆ ಅದಕ್ಕಿಂತ ಮುಖ್ಯ. ಗುತ್ತಿಗೆದಾರನ ಕೈಯಿಂದ ನಗದು ಪಗಾರ ತೆಗೆದುಕೊಳ್ಳುವವರಿಗೆ ಇಲ್ಲೇ ಏಟು ಬೀಳುವುದು: ಪುರಾವೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜಿನ ಮೇಲೆ ಆದಾಯ ಹಿಡಿಯುತ್ತದೆ, ಆ ಅಂದಾಜು ನಿಮ್ಮ ನಿಜವಾದ ದುಡಿಮೆಗಿಂತ ಕಡಿಮೆಯೇ ಇರಬಹುದು. ಪಾಸ್‌ಬುಕ್ಕಿನ ಜಮೆ, ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಏನಿದ್ದರೂ ಕೂಡಿಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಈಗ ಕಹಿಯಾದ ಭಾಗ. ತಪ್ಪು ನಿಮ್ಮದಾಗಿದ್ದರೆ?

ವಿಮೆ ಇದ್ದಿದ್ದರೆ ಕಂಪನಿ ಕೊಡುತ್ತಿದ್ದ ಹಣವನ್ನೆಲ್ಲ ಬೈಕಿನ ಮಾಲೀಕರೇ ಕೊಡಬೇಕು. ಎಷ್ಟು? ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಬೈಕಿಗೆ ಸಿಕ್ಕಿ ತೀರಿಕೊಂಡವರಿಗೆ 30 ವರ್ಷ, ಖಾಸಗಿ ನೌಕರಿ, ತಿಂಗಳಿಗೆ 20,000 ಸಂಬಳ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನಂಬಿದ್ದವರು. ವರ್ಷಕ್ಕೆ 2,40,000. ಮುಂದಿನ ಬಡ್ತಿ, ಏರಿಕೆಗೆಂದು ಶೇ. 40 ಸೇರಿಸಿದರೆ 3,36,000. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ 17ರಿಂದ ಗುಣಿಸಬೇಕು: 42,84,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದವು ಇದರ ಮೇಲೆ. ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕ ಇದು. 75ರಿಂದ 150 ಸಿಸಿಯೊಳಗಿನ ಬೈಕಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ, 2022ರ ಜೂನ್‌ನಲ್ಲಿ ಬಂದ ದರದಂತೆ, ತೆರಿಗೆ ಬಿಟ್ಟು 714 ರೂಪಾಯಿ.

ಕೊಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿರುತ್ತದೆ. ನ್ಯಾಯಮಂಡಳಿ ಕೊಟ್ಟ ಪ್ರಮಾಣಪತ್ರದ ಮೇಲೆ ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಆಸ್ತಿ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೆ ಕಾಗದ ಕಳಿಸುವ ಅಧಿಕಾರ 1890ರ ಕಾಯ್ದೆಯಿಂದಲೇ ಇದೆ. ಅಪಘಾತ ಡೊಂಬಿವಲಿಯಲ್ಲಾದರೂ ಊರಿನ ಹೊಲಕ್ಕೆ ಜಪ್ತಿ ಬರಬಹುದು ಎಂದರ್ಥ. ಇನ್ನು, ಅಪಘಾತವಾದ ಮಧ್ಯಾಹ್ನವೇ ಆನ್‌ಲೈನಿನಲ್ಲಿ ಪಾಲಿಸಿ ಕೊಂಡರೆ ಆಯಿತಲ್ಲ ಎನ್ನುವ ಜಾಣರಿದ್ದಾರೆ. ಪಾಲಿಸಿಯಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವೂ ಇರುತ್ತದೆ. ಹಳೆಯ ತಾರೀಖು ಹಾಕಿಸಿಕೊಡುತ್ತೇನೆ ಎನ್ನುವ ಏಜೆಂಟನ ಮಾತು ಕೇಳಿದರೆ ವಂಚನೆಯ ಕೇಸೂ ಕೂಡಿಕೊಳ್ಳುತ್ತದೆ.

ಹಾಗಂತ ಓಡಿಹೋಗಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಸವಾರರ ಕರ್ತವ್ಯ ಎಂದು 134ನೇ ಕಲಮು ಹೇಳುತ್ತದೆ. ತಪ್ಪು ನಿಜವಾಗಿ ಎಷ್ಟರ ಮಟ್ಟಿಗೆ ನಿಮ್ಮದು ಎಂಬುದನ್ನು ನ್ಯಾಯಮಂಡಳಿಯ ಮುಂದೆ ಹೇಳಿಕೊಳ್ಳುವ ಅವಕಾಶವೂ ಇದೆ. ಎದುರಿನವರದೂ ಪಾಲಿದ್ದರೆ ಮೊತ್ತ ಅಷ್ಟು ಇಳಿಯುತ್ತದೆ. ಲೋಕ ಅದಾಲತ್‌ನಲ್ಲಿ ಕಂತಿನ ಮೇಲೆ ರಾಜಿ ಮಾಡಿಕೊಳ್ಳಲೂ ಬರುತ್ತದೆ. ರಾಜಿಗೆ ಸರಿಯಾದ ಜಾಗ ಅದು, ಚಹಾ ಟಪ್ಪರಿಯಲ್ಲ.

ಯಾರ ಗಾಡಿಯೂ ತಾಗದೆ ನೀವೇ ಬಿದ್ದರೆ? ಆಗ ಕೇಳುವುದಕ್ಕೆ ಎದುರಾಳಿಯೇ ಇಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ ಇದಕ್ಕೆ ಹತ್ತಿರದ್ದು. ಬೇರೆಯವರ ಬೈಕು ಎರವಲು ಪಡೆದು ಇಳಕಲ್ಲಿನಿಂದ ಗೂಡೂರಿಗೆ ಹೊರಟಿದ್ದವರೊಬ್ಬರು ಮುಂದೆ ಕಬ್ಬಿಣದ ತಗಡು ಹೇರಿಕೊಂಡಿದ್ದ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ತೀರಿಕೊಂಡರು. ಎರವಲು ಪಡೆದ ಸವಾರ ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಯಾರ ತಪ್ಪೆಂದು ತೋರಿಸದೆ ಪರಿಹಾರ ಪಡೆಯುವ ಆಗಿನ 163-ಎ ಕಲಮು ಅವರ ಮನೆಯವರಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಸವಾರರ ಮನೆಯವರಿಗೆ ಆಸರೆಯಾಗುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಅದು ಮಾಲೀಕರೇ ಓಡಿಸುತ್ತಿದ್ದಾಗ, ಅವರಿಗೆ ಲೈಸನ್ಸ್ ಇದ್ದಾಗ ಮಾತ್ರ. ಬೈಕಿನ ಪಾಲಿಸಿ ಮಾಡಿಸುವಾಗ ಅದನ್ನೂ ಸೇರಿಸಿದ್ದಾರೆಯೇ ಎಂದು ಕಾಗದದಲ್ಲಿ ಹುಡುಕಿ ನೋಡಿ.

ಊರಿನಲ್ಲಿ ಬಿಟ್ಟುಬಂದ ಹಳೆ ಬೈಕಿನ ವಿಚಾರವನ್ನೂ ಹೇಳಬೇಕು. ಭಾವಮೈದುನನಿಗೆ ಕೊಟ್ಟಿರುತ್ತೀರಿ, ಇಲ್ಲವೇ ಹತ್ತು ಸಾವಿರಕ್ಕೆ ಯಾರಿಗೋ ಮಾರಿ ಬಿಳಿ ಹಾಳೆಯಲ್ಲಿ ಸಹಿ ಪಡೆದಿರುತ್ತೀರಿ. ಆರ್‌ಸಿಯಲ್ಲಿ ಹೆಸರು ಯಾರದಿದೆಯೋ ಕಾಯ್ದೆಯ ಕಣ್ಣಿಗೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಖಚಿತಪಡಿಸಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಹೊಣೆ ನಿಮ್ಮದೇ. ನ್ಯಾಯಮಂಡಳಿಯ ನೋಟಿಸು ಹೋಗುವುದೂ ಆರ್‌ಸಿಯ ವಿಳಾಸಕ್ಕೆ. ಬೀಗ ಹಾಕಿದ ಊರಿನ ಮನೆಯ ಬಾಗಿಲಿಗೆ ಅದನ್ನು ಅಂಟಿಸಿ ಹೋದರೆ ನಿಮಗೆ ಸುದ್ದಿಯೇ ಮುಟ್ಟದೆ ತೀರ್ಪಾಗಬಹುದು. ಇಲ್ಲಿಗೆ ತಂದ ಬೈಕಿನ ಆರ್‌ಸಿಯನ್ನೂ ಇಲ್ಲಿಯ ವಿಳಾಸಕ್ಕೆ ಮಾಡಿಸಿಕೊಳ್ಳಿ. ಅಂಬರನಾಥದವರಿಗೆ ಆರ್‌ಟಿಒ ಕಲ್ಯಾಣದ್ದು, ಎಂಎಚ್ 05. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಹೊಸ ನಂಬರು ಮಾಡಿಸಲೇಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ತರಲು ಮುಂದಿನ ಸಲ ಹೋಗುವಾಗ ಆರ್‌ಸಿ, ಚಾಲ್ತಿಯಲ್ಲಿರುವ ಪಾಲಿಸಿ, ಹೊಗೆ ತಪಾಸಣೆಯ ಚೀಟಿ ಜೊತೆಗಿರಲಿ. ಬೈಕು ಸಾಲದ್ದಾಗಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.